ವಿಚಾರಿಸೋಕೆ ಬಂದೋನು

ಹುಣಸೇಕುಂಟೆ, ವಿಜಯಪುರ ಹೋಬಳಿ
೧೯ ಜೂನ್ ೨೦೨೫, ಗುರುವಾರ, ಡೈರಿಗೆ ಹಾಲು ಹಾಕಿ ಬಂದ್ಮೇಲೆ

ನನ್ನ ವರಲಕ್ಷ್ಮೀ,

ಹೆಂಗಿದ್ದೀಯ? ಮಂಡಿ ಹೆಂಗೈತೆ? ಹೊಸೂರಿನ ಮನೇಲಿ ದಿನಾ ಮೆಟ್ಲು ಹತ್ತೋದು ಇಳಿಯೋದು ಮಾಡ್ತೀಯಂತೆ, ಪದ್ಮಶ್ರೀ ಹೇಳಿದ್ಲು. ಮಗಳ ಬಾಣಂತನಕ್ಕೆ ಹೋದೋಳು ನೀನೇ ಮಲಗ್ಬಿಟ್ರೆ ನಿನ್ನ ಬಾಣಂತನ ಯಾರೇ ಮಾಡ್ತಾರೆ? ಮಗೀಗೆ ಎಣ್ಣೆ ಹಚ್ಚಿದ್ಮೇಲೆ ಅಂಗೈಯಲ್ಲಿ ಒಂಚೂರು ಮಿಕ್ಕಿರುತ್ತಲ್ಲ, ಅದನ್ನ ಸೀರೆಗೆ ಒರೆಸ್ಬೇಡ, ಮಂಡಿಗೆ ಸವರ್ಕೊ. ಮಗ ಹೆಂಗವ್ನೆ? ಮೂಗು ನಂದೇ ಬಂದೈತೆ ಅಂತ ಅಳಿಯಂದ್ರು ಫೋನಲ್ಲಿ ಹೇಳ್ದಾಗ ಅವ್ರ ದನಿಯಲ್ಲಿ ಸ್ವಲ್ಪ ದುಃಖ ಇತ್ತು. ಮೂಗು ಬಂದ್ರೆ ಬರ್ಲಿ, ನಾಲಗೆ ಮಾತ್ರ ನಂದು ಬರ್ದೇ ಇರ್ಲಿ ಅಂತ ಮುತ್ಯಾಲಮ್ಮಂಗೆ ಕೈ ಮುಗಿದಿದ್ದೀನಿ. ಯಾಕೆ ಅಂತ ಈ ಕಾಗದ ಓದ್ತಾ ಓದ್ತಾ ನಿಂಗೇ ಗೊತ್ತಾಗುತ್ತೆ.

ಇಲ್ಲಿ ನಾವೆಲ್ಲಾ ಗಟ್ಟಿಯಾಗಿದ್ದೀವಿ. ಸೊಸೆ ಮುನಿತಾಯಮ್ಮ ಹೊತ್ತೊತ್ತಿಗೆ ಮುದ್ದೆ ಹಾಕ್ತಾಳೆ, ಬಿ.ಪಿ. ಮಾತ್ರೇನೂ ಕೊಡ್ತಾಳೆ. ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹೋಯ್ತು, ನಮ್ಮ ಮಗ ಕೆಂಪರಾಜ ರೇಟು ಸಿಕ್ಲಿಲ್ಲ ಅಂತ ಎರಡು ದಿನ ಕೆಂಪಗಾಗಿ ಓಡಾಡ್ದ, ಆಮೇಲೆ ಹುಳುಮನೆ ತೊಳ್ದು ಬ್ಲೀಚಿಂಗ್ ಪೌಡರ್ ಹೊಡೆದು ಬೆಳ್ಳಗಾದ. ಕರು ಹಾಲು ಕುಡಿಯೋದು ಬಿಟ್ಟು ಹುಲ್ಲಿಗೆ ಬಾಯಿ ಹಾಕ್ತೈತೆ.

ಫೋನಿರ್ಬೇಕಾದ್ರೆ ಇದ್ಯಾಕೆ ಈ ಮುದುಕ ಪುಟಗಟ್ಲೆ ಕಾಗದ ಬರೀತಾವ್ನೆ ಅಂತ ನಿಂಗೆ ಅನ್ನಿಸುತ್ತೆ. ನೀನು ಫೋನು ಕಿವಿಗೆ ಇಟ್ಕೊಂಡಿದ್ದು ನಾನು ಯಾವತ್ತೂ ನೋಡಿಲ್ಲ. ಸ್ಪೀಕರ್ ಹಾಕಿ ಟಿ.ವಿ. ಪಕ್ಕ ಇಟ್ಬಿಡ್ತೀಯ. ನಾನು ಈ ಕಡೆ 'ಊಟ ಆಯ್ತೇನೇ' ಅಂದ್ರೆ ಆ ಕಡೆ ಬೀಗರು 'ಆಯ್ತು' ಅಂತಾರೆ. ಇದು ಬೀಗರು ಕೇಳೋ ಮಾತಲ್ಲ. ಕೇಳಿಸ್ಕೊಂಡ್ರೆ ನಾಳೆಯಿಂದ ನಾನು ಅವ್ರ ಮನೆ ಹೊಸ್ತಿಲು ತುಳಿಯಕ್ಕಾಗಲ್ಲ. ಅದಕ್ಕೇ ಬರೀತಿದ್ದೀನಿ. ಮೊಮ್ಮಗಳ ಗೆಳತಿ ಸಂಘಮಿತ್ರನ ಅಪ್ಪ ಸಿದ್ದರಾಜು ಇವತ್ತು ಹೊಸೂರಿಗೆ ಬಾಡಿಗೆ ಇಟ್ಕೊಂಡವ್ನೆ, ಅವನ ಕಾರಲ್ಲೇ ಕೊಟ್ಟು ಕಳಿಸ್ತೀನಿ. ಒಬ್ಳೇ ಕೂತು ಓದ್ಕೊ. ಪದ್ಮಶ್ರೀ ಕೇಳಿದ್ರೆ 'ನಿಮ್ಮಪ್ಪ ಲವ್ ಲೆಟರ್ ಬರೆದವ್ರೆ' ಅನ್ನು, ಅವಳೇ ನಾಚ್ಕೊಂಡು ಆ ಕಡೆ ಹೋಗ್ತಾಳೆ.

ಮೊದಲು ನಮ್ಮ ಮೊಮ್ಮಗಳು ನವ್ಯನ ವಿಷಯ. ವಿಜಯಪುರದ ಸ್ಕೂಲಲ್ಲಿ ಮಕ್ಕಳಿಗೆ ಸೈನ್ಸ್ ಪಾಠ ಮಾಡ್ಕೊಂಡು ನೆಮ್ಮದಿಯಾಗಿದ್ದೋಳಿಗೆ ಇಂಗ್ಲೆಂಡಿನ ಹೈಸ್ಕೂಲೊಂದರ ಕೆಲಸಕ್ಕೆ ಅರ್ಜಿ ಹಾಕೋ ಬುದ್ಧಿ ಯಾಕೆ ಬಂತು ಅಂತ ನೀನು ಹೋಗೋಕ್ಮುಂಚೆ ಮೂತಿ ಉಬ್ಬಿಸ್ಕೊಂಡಿದ್ದೆ. ನೀನು ಹೊಸೂರಿಗೆ ಹೋದ್ಮೇಲೆ ಅದು ಇನ್ನೂ ಮುಂದಕ್ಕೆ ಹೋಗೈತೆ. ಬರೋ ಬುಧವಾರ ಅವಳಿಗೆ ಇಂಟರ್ವ್ಯೂ. ಕಂಪ್ಯೂಟರ್ ಮುಂದೆ ನಿಂತು ಪಾಠ ಮಾಡಿ ತೋರಿಸ್ಬೇಕು, ಅಲ್ಲಿಯ ಹೆಡ್ಮಿಸ್ಸು ಇನ್ನಿಬ್ರನ್ನ ಪಕ್ಕಕ್ಕೆ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾಳೆ. ತೆಲುಗಲ್ಲಿ ಇಂಟಿ ಅಂದ್ರೆ ಮನೆ ತಾನೆ, ಇಂಟಿಯಲ್ಲಿರೋರೆಲ್ಲಾ ಸೇರ್ಕೊಂಡು ವ್ಯೂ ನೋಡೋದಕ್ಕೇ ಇಂಟಿವ್ಯೂ ಅನ್ನೋದು ಅಂತ ನಾನು ಹೇಳ್ದೆ. ಯಾರೂ ನಗ್ಲಿಲ್ಲ. ಆದ್ರೆ ಆಗಿದ್ದು ಹಂಗೇ. ಹುಳುಮನೆ ಖಾಲಿ ಇತ್ತಲ್ಲ, ಸುಣ್ಣ ಹೊಡೆದ ಗೋಡೆ, ಒಳ್ಳೇ ಬೆಳಕು, ಟಿ.ವಿ. ಸದ್ದಿಲ್ಲ. ಅಲ್ಲೇ ಸಂಜೆ ಸಂಜೆ ಕ್ಲಾಸು ಶುರುವಾಯ್ತು. ಸಂಘಮಿತ್ರ ಅವಳ ಜೊತೆ ಬಿ.ಎಡ್. ಓದಿದೋಳಲ್ವಾ, ಅವಳು ಕುರ್ಚಿ ಹಾಕ್ಕೊಂಡು ಇಂಗ್ಲೆಂಡಿನ ಹೆಡ್ಮಿಸ್ಸಾದ್ಲು. ಕೆಂಪರಾಜ, ಮುನಿತಾಯಮ್ಮ ಚಾಪೆ ಮೇಲೆ ವಿದ್ಯಾರ್ಥಿಗಳು. ಆ ದೇಶದಲ್ಲಿ ಹುಡುಗ್ರು ಬಲು ತಲೆಹರಟೆಯಂತೆ, 'ಅಂಥವನನ್ನ ಹೆಂಗೆ ಸಂಭಾಳಿಸ್ತೀಯ' ಅಂತ ಕೇಳೇ ಕೇಳ್ತಾರಂತೆ. 'ಒಬ್ಬ ತಲೆಹರಟೆ ಹುಡುಗ ಬೇಕಲ್ಲ' ಅಂತ ಸಂಘಮಿತ್ರ ಅಂದಿದ್ದೇ ತಡ, ಮೂರು ಜನಾನೂ ತಿರುಗಿ ನನ್ನ ಕಡೆ ನೋಡಿದ್ರು.

ಎಪ್ಪತ್ತು ದಾಟಿದ್ಮೇಲೆ ನಂಗೆ ತಕ್ಕನಾದ ಕೆಲಸ ಸಿಕ್ತು ಕಣೇ. ಲಾಸ್ಟ್ ಬೆಂಚು ಬೇಕು ಅಂತ ಚಂದ್ರಿಕೆಗೆ ಒರಗಿಕೊಂಡು ಕೂತೆ. ಗೂಡು ಕಟ್ಟೋಕೆ ಹುಳ ಬಿಡೋ ಆ ಬಿದಿರಿನ ತಟ್ಟೆ ನನ್ನ ಬೆನ್ನಿಗೆ ಕಿರ್ರೋ ಅಂತಿತ್ತು, ಪಾಠದ ಮಧ್ಯೆ ಬೇಕಂತಲೇ ಕಿರುಗುಟ್ಟಿಸ್ತಿದ್ದೆ. ಹಸು ತರ ಕೂಗ್ದೆ. 'ಮಿಸ್, ಭೌತಶಾಸ್ತ್ರ ಅಂದ್ರೆ ಭೂತಶಾಸ್ತ್ರದ ಅಣ್ಣನಾ ತಮ್ಮನಾ' ಅಂದೆ. 'ಮಿಸ್, ಬಿ.ಎಡ್. ಮಾಡಿದೋರು ಬೆಡ್ ಮೇಲೆ ಮಲಗಲ್ವಂತೆ ಹೌದಾ' ಅಂದೆ. ಅಲ್ಲಿ ಬೈಯೋ ಹಂಗಿಲ್ಲ, ಹೊರಗೆ ಕಳಿಸೋ ಹಂಗಿಲ್ಲ, ಕಿವಿ ಮುಟ್ಟೋ ಹಂಗಂತೂ ಇಲ್ವೇ ಇಲ್ಲ. ನವ್ಯ ಹತ್ರ ಬಂದು ಬಗ್ಗಿ ನಿಂತ್ಕೊಂಡು ಮೆತ್ತಗೆ, 'ಅಪ್ಪಯ್ಯಣ್ಣ, ನೀನು ಇಲ್ಲೇ ಕೂತು ಕೇಳ್ತೀಯೋ, ಮುಂದೆ ಬಂದು ನಂಗೆ ಸಹಾಯ ಮಾಡ್ತೀಯೋ? ಎರಡ್ರಲ್ಲಿ ಒಂದು ನೀನೇ ಆರಿಸ್ಕೊ' ಅಂತಾಳೆ. ಮೊಮ್ಮಗಳ ಬಾಯಲ್ಲಿ ನನ್ನ ಹೆಸರು! ಎದ್ದು ಹೋಗಿ ಹಗ್ಗದ ತುದಿ ಹಿಡ್ಕೊಂಡೆ. ಅಲೆ ಅಂದ್ರೆ ಏನು ಅಂತ ಪಾಠ. ಆ ತುದಿಯಲ್ಲಿ ಅವಳು ಕೈ ಅಲುಗಿಸಿದ್ರೆ ಹಾವಿನ ತರ ಒಂದು ಉಬ್ಬು ಹರ್ಕೊಂಡು ನನ್ನ ಕೈಗೆ ಬಂದು ಬಡಿಯುತ್ತೆ. 'ಹಗ್ಗ ಇದ್ದಲ್ಲೇ ಇದೆ, ಅಲುಗಾಟ ಮಾತ್ರ ಬಂತು ನೋಡು' ಅಂತಾಳೆ. ಎಷ್ಟು ಚೆನ್ನಾಗಿ ಹೇಳ್ಕೊಡ್ತಾಳೆ ಗೊತ್ತಾ? ಮುನಿತಾಯಮ್ಮ ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಅವಳೇ ಕೈ ಎತ್ತಿ ಉತ್ತರ ಹೇಳಿದ್ಲು. ಮಗಳು 'ವೆರಿ ಗುಡ್' ಅಂದಿದ್ದಕ್ಕೆ ಅವತ್ತು ರಾತ್ರಿ ಸಾರಿಗೆ ಉಪ್ಪು ಹಾಕೋದೇ ಮರೆತ್ಲು.

ಇಲ್ಲಿಗೆ ಸಂತೋಷದ ಸಮಾಚಾರ ಮುಗೀತು ವರಲಕ್ಷ್ಮೀ. ಈಗ ನನ್ನ ಸಮಾಚಾರ.

ಹೆಸರಲ್ಲೇ ವರ ಇಟ್ಕೊಂಡಿರೋಳು ನೀನು, ಮೊಮ್ಮಗಳಿಗೆ ವರ ಹುಡುಕದೆ ಬಿಡ್ತೀಯಾ? ಹೋದ ವರ್ಷದಿಂದ ಹುಡುಕ್ತಾನೇ ಇದ್ದೀಯ. ಚಿಂತಾಮಣಿ ಕಡೆಯೋರು ಒಳ್ಳೇ ಜನ ಅಂದೆ, ಅವ್ರು ಆಮೇಲೆ ಫೋನೇ ಎತ್ತಲಿಲ್ಲ. ಶಿಡ್ಲಘಟ್ಟದೋರು ಬರೋ ಭಾನುವಾರ ಬರ್ತೀವಿ ಅಂದೋರು ಬರ್ಲೇ ಇಲ್ಲ. ನೀನು ಗ್ರಹಚಾರ ಅಂದೆ, ಶುಕ್ರವಾರ ಶುಕ್ರವಾರ ಮುತ್ಯಾಲಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಗ್ರಹಚಾರ ಅಲ್ಲ ಕಣೇ, ಗೃಹಚಾರ. ಗೃಹದಲ್ಲೇ ಕೂತಿದ್ದ ಗ್ರಹ ನಾನು. ನಮ್ಮ ಕಡೆ ರೂಢಿ ನಿಂಗೆ ಗೊತ್ತಲ್ಲ, ಹುಡುಗಿ ನೋಡೋಕೆ ಬರೋಕ್ಮುಂಚೆ ಗಂಡಿನ ಕಡೆಯೋನೊಬ್ಬ ಸದ್ದಿಲ್ದೆ ಊರಿಗೆ ಬಂದು ಅಂಗಡಿ ಹತ್ರ, ಡೈರಿ ಹತ್ರ ವಿಚಾರಿಸ್ಕೊಂಡು ಹೋಗ್ತಾನೆ. ನಿನ್ನ ವಿಚಾರಿಸೋಕೆ ನಮ್ಮ ಸೋದರಮಾವ ಹಸು ಕೊಳ್ಳೋನ ತರ ನಿಮ್ಮೂರಿಗೆ ಬಂದಿದ್ದ, ಹಸುವಿನ ಹಲ್ಲು ನೋಡ್ತಾ ನೋಡ್ತಾ ನಿನ್ನ ಗುಣ ಕೇಳಿದ್ದ. ಹಂಗೇ ಚಿಂತಾಮಣಿಯೋನು ಬಂದಾಗ ಡೈರಿ ಕಟ್ಟೆ ಮೇಲೆ ಸಿಕ್ಕಿದ್ದು ನಾನು. 'ಹುಡುಗಿ ಚಿನ್ನ ಕಣಪ್ಪ, ನಿದ್ದೆಗಣ್ಣಲ್ಲಿ ಎದ್ದು ನಡೀತಾಳೆ ಅನ್ನೋದು ಬಿಟ್ರೆ' ಅಂದೆ. ಶಿಡ್ಲಘಟ್ಟದೋನಿಗೆ 'ಗಂಡು ಮೊದಲು ಸೈನ್ಸ್ ಪರೀಕ್ಷೆ ಬರೀಬೇಕಂತೆ, ಪಾಸಾದ್ರೆ ಮಾತ್ರ ಕಾಫಿ ಕೊಡ್ತಾಳಂತೆ' ಅಂದೆ.

ಯಾಕೆ ಹಂಗೆ ಮಾಡ್ದೆ ಅಂತ ಕೇಳ್ತೀಯ. ನವ್ಯ ಹೇಳ್ಕೊಡ್ಲಿಲ್ಲ, ಅವಳಿಗೆ ಗೊತ್ತೂ ಇರ್ಲಿಲ್ಲ. ಸ್ಕೂಲಿಂದ ಸುಸ್ತಾಗಿ ಬಂದು ಪುಸ್ತಕ ಹಿಡಿದು ಕೂತಿರೋ ಮಗೀನ ಎಬ್ಬಿಸಿ, ಸೀರೆ ಉಡಿಸಿ, ಯಾರ್ಯಾರಿಗೋ ತಟ್ಟೆ ಹಿಡಿಸೋದು ನೋಡಕ್ಕಾಗ್ಲಿಲ್ಲ. ಅದು ಅರ್ಧ. ಇನ್ನರ್ಧ, ನಂಗೆ ಮಜಾ ಬರ್ತಿತ್ತು. ಬಂದೋನ ಮುಖ ಬಾಡೋದು ನೋಡೋದಿದೆಯಲ್ಲ, ಅದ್ರ ರುಚಿಯೇ ಬೇರೆ. ನೀನು ದೀಪಕ್ಕೆ ಅಂತ ಹಿಂಡಿಟ್ಟ ನಿಂಬೆರಸಕ್ಕೆ ಬೆಲ್ಲ ಹಾಕ್ಕೊಂಡು ಪಾನಕ ಕುಡಿದೋನೂ ನಾನೇ. ನೀನು ಗುಡಿಯಿಂದ ಕುಂಟ್ಕೊಂಡು ಬರ್ತಿದ್ದೆ, ನಾನು ಜಗಲಿ ಮೇಲೆ ಲೋಟ ಹಿಡ್ಕೊಂಡು ಕೂತಿದ್ದೆ. ಈಗ ಅದನ್ನ ನೆನೆಸ್ಕೊಂಡ್ರೆ ಹುಳಿಯೆಲ್ಲಾ ಎದೆಗೆ ಬರುತ್ತೆ.

ಆಮೇಲೆ ನೀನು ಹೊಸೂರಿಂದ ಫೋನು ಮಾಡಿ, 'ಇಲ್ಲೊಬ್ಬ ಹುಡುಗ ಸಿಕ್ಕವ್ನೆ, ಕಂಪನೀಲಿ ಕೆಲಸ, ಅವ್ರ ಕಡೆಯೋರು ಈ ವಾರ ಬಂದು ವಿಚಾರಿಸ್ತಾರೆ, ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳಿ' ಅಂದ್ಯಲ್ಲ, ನೆನಪೈತಾ? ಹೋದ ಶುಕ್ರವಾರ ಸಂಜೆ ಡೈರಿ ಮುಂದೆ ಕ್ಯಾನು ಇಟ್ಕೊಂಡು ಕೂತಿದ್ದೆ. ಸ್ಕೂಟರಲ್ಲಿ ಒಬ್ಬ ಬಂದ. ಇನ್ ಶರ್ಟು, ಹೆಗಲಿಗೆ ಬ್ಯಾಗು, ಬೆವರು. 'ಯಜಮಾನ್ರೇ, ನವ್ಯಶ್ರೀ ಅಂತ ಟೀಚರು, ಅವ್ರ ಬಗ್ಗೆ ಸ್ವಲ್ಪ ವಿಚಾರಿಸ್ಬೇಕಿತ್ತು. ನಾನು ಉಮಾಶಂಕರ್ ಅಂತ, ಕಂಪನಿಯಿಂದ ಬಂದಿದ್ದೀನಿ. ಇದು ಅವ್ರು ಹಾಕಿರೋ...' ಅಂತ ಏನೋ ಹೇಳೋಕೆ ಹೋದ. ನಾನು ಕೈ ಅಡ್ಡ ಹಿಡಿದೆ. 'ಗೊತ್ತು ಬಿಡಪ್ಪ, ನೀನು ಹೇಳ್ಬೇಡ, ನಾನು ಕೇಳಲ್ಲ. ಯಾರು ಅಂತ ಹೇಳ್ಕೊಳ್ದೇನೇ ವಿಚಾರಿಸೋದು ನಮ್ಮ ಸಂಪ್ರದಾಯ. ನಾನು ಅವಳ ಸ್ವಂತ ತಾತ, ಏನು ಬೇಕೋ ಕೇಳು' ಅಂದೆ. ಅವನು ಪಾಪ ಆ ಮಾತು ಪೂರ್ತಿ ಮಾಡಿದ್ರೆ ಇವತ್ತು ಈ ಕಾಗದಾನೇ ಇರ್ತಿರ್ಲಿಲ್ಲ. ನಾನು ಬಿಡ್ಲಿಲ್ಲ.

ಅವನು ಕೇಳಿದ ಪ್ರಶ್ನೆಗಳೂ ಹಂಗೇ ಇದ್ವು ಕಣೇ. ಸ್ವಭಾವ ಹೆಂಗೆ ಅಂದ. ಕೋಪ ಬರುತ್ತಾ ಅಂದ. ಮಕ್ಕಳ ಹತ್ರ ಹೆಂಗೆ ನಡ್ಕೋತಾರೆ ಅಂದ. ನಾಳೆ ಸೊಸೆಯಾಗಿ ಬಂದು ಮಕ್ಕಳು ಸಾಕೋಳು, ಕೇಳ್ತಾರೆ ಬಿಡು ಅನ್ಕೊಂಡೆ. 'ಕೋಪಾನಾ? ಕೈಗೆ ಸಿಕ್ಕಿದ್ದು ಬೀಸ್ತಾಳೆ ಸ್ವಾಮಿ. ನಮ್ಮನೇಲಿ ತಟ್ಟೆಗಳೆಲ್ಲಾ ಸ್ಟೀಲಿಂದೇ ಯಾಕಿದಾವೆ ಅಂದ್ಕೊಂಡ್ರಿ?' ಅಂದೆ. 'ಮಕ್ಕಳಾ? ಅಳೋ ಮಗು ಕಂಡ್ರೆ ಕಿವಿ ಹಿಂಡಿ, ಅಳೋದಾದ್ರೆ ಜೋರಾಗಿ ಅಳು ಅಂತಾಳೆ' ಅಂದೆ. ಇನ್ನೂ ಒಂದು ಹೇಳ್ದೆ, ಅದನ್ನ ಬರೆಯೋಕೆ ಕೈ ಬರ್ತಿಲ್ಲ. ಹಿಂದಿನೋರೆಲ್ಲಾ ಇಷ್ಟೊತ್ತಿಗೆ ಪೇಚಾಡ್ಕೊಂಡು ಎದ್ದು ಹೋಗಿದ್ರು. ಇವನು ಹೋಗ್ಲಿಲ್ಲ. ನನ್ನ ಮುಖಾನೇ ನೋಡ್ತಾ ಕೂತಿದ್ದ. ಕೊನೆಗೆ, 'ಇದು ಮುಖ್ಯವಾದ ವಿಷಯ ಯಜಮಾನ್ರೇ, ಮನೆಯವ್ರೇ ಆಗಿ ಧೈರ್ಯವಾಗಿ ಹೇಳಿದ್ರಿ' ಅಂತ ಕೈ ಮುಗಿದು ಹೋದ. ನಾನು ಕ್ಯಾನು ತಿರುಗಿಸ್ಕೊಂಡು ಸಿಳ್ಳೆ ಹಾಕ್ಕೊಂಡು ಮನೆಗೆ ಬಂದೆ. ಇನ್ನೊಬ್ಬ ವರ ವರ್ಗಾವಣೆ ಆದ ಅಂದ್ಕೊಂಡು ನನ್ನಷ್ಟಕ್ಕೆ ನಾನೇ ನಗಾಡ್ದೆ.

ಸೋಮವಾರ ಬೆಂಗಳೂರಿನ ಏಜೆನ್ಸಿಯಿಂದ ನವ್ಯಂಗೆ ಫೋನು ಬಂತು. ಹೊರದೇಶದ ಸ್ಕೂಲಿಗೆ ಮೇಷ್ಟ್ರುಗಳನ್ನ ಕಳಿಸೋರು ಅವ್ರೇ. ಕೆಲಸ ಕೊಡೋಕ್ಮುಂಚೆ ಮಕ್ಕಳ ಜೊತೆ ಬಿಡಬಹುದಾದ ಜನಾನಾ ಅಂತ ಊರಿಗೆ ಆಳು ಕಳಿಸಿ ಕೇಳ್ತಾರಂತೆ. 'ನಿಮ್ಮ ಮೇಲೆ ಕೆಟ್ಟ ಮಾತು ಬಂದಿದೆ, ಅದು ಸರಿಹೋದ್ರೆ ಮಾತ್ರ ಬುಧವಾರದ ಇಂಟರ್ವ್ಯೂ' ಅಂದ್ರಂತೆ. ಯಾರು ಹೇಳಿದ್ರು ಅಂತ ಅವ್ರು ಹೇಳ್ಲಿಲ್ಲ. ನಾವೆಲ್ಲಾ ಊಟಕ್ಕೆ ಕೂತಿದ್ವಿ. ನವ್ಯ ಮೆತ್ತಗೆ, 'ಉಮಾಶಂಕರ್ ಅಂತ ಯಾರೋ ಸ್ಕೂಟರಲ್ಲಿ ಬಂದು ಡೈರಿ ಹತ್ರ ವಿಚಾರಿಸಿದ್ರಂತೆ' ಅಂದ್ಲು. ಅವತ್ತು ಬಂದೋನು ಗಂಡಿನ ಕಡೆಯೋನಲ್ಲ ಅಂತ ಆಗ ನಂಗೆ ಹೊಳೀತು.

ಆಗ್ಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಕೆಂಪರಾಜ ತಟ್ಟೆ ಬಿಟ್ಟು ಎದ್ದ. 'ಡೈರಿ ಎದುರು ಮನೆ ಅಂದ್ರೆ ಗೋವಿಂದರಾಜುದೇ, ಬದುವಿನ ಜಗಳ ಮನಸ್ಸಲ್ಲಿಟ್ಕೊಂಡು ಮಗಳ ಹೊಟ್ಟೆ ಮೇಲೆ ಹೊಡೆದವ್ನೆ' ಅಂತ ಲುಂಗಿ ಎತ್ತಿ ಕಟ್ಕೊಂಡು ಹೋದ. ಬೀದಿಯಲ್ಲಿ ನಿಂತು ಆ ಮನುಷ್ಯನಿಗೆ ಬಾಯಿಗೆ ಬಂದಂಗೆ ಬೈದ. ಗೋವಿಂದರಾಜು 'ನಾನು ಒಳ್ಳೇದೇ ಹೇಳಿದ್ದು ಕಣೋ, ನಮ್ಮ ತಾಯಾಣೆ' ಅಂತ ಹೇಳ್ತಾನೇ ಇದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೆಸರಲ್ಲಿ ಅಪ್ಪನೂ ಐತೆ, ಅಯ್ಯನೂ ಐತೆ, ಅಣ್ಣನೂ ಐತೆ, ದೊಡ್ಡೋರ ಬುದ್ಧಿ ಒಂದೇ ಇಲ್ಲ.

ಇನ್ನೊಂದು ಹೇಳ್ತೀನಿ, ಇದನ್ನ ನವ್ಯಂಗೂ ಹೇಳಿಲ್ಲ, ನಿಂಗೊಬ್ಳಿಗೇ. ಇಂಟರ್ವ್ಯೂ ನಿಂತೋಗಬಹುದು ಅಂತ ಕೇಳಿದಾಗ ಒಂದು ಗಳಿಗೆ, ಬರೀ ಒಂದು ಗಳಿಗೆ, ನಂಗೆ ಹಾಯ್ ಅನ್ನಿಸ್ತು. ಹೋಗಲ್ಲ, ಇಲ್ಲೇ ಇರ್ತಾಳೆ, ಸಂಜೆ ಗೇಟು ಸದ್ದು ಮಾಡ್ಕೊಂಡು ಬಂದು 'ತಾತ, ಇವತ್ತು ಯಾರಿಗೆ ಟೋಪಿ ಹಾಕ್ದೆ' ಅಂತ ಕೇಳ್ತಾಳೆ ಅಂತ. ಆಮೇಲೆ ಅವಳ ಮುಖ ನೋಡ್ದೆ. ಅಳ್ತಿರ್ಲಿಲ್ಲ. ತಟ್ಟೇಲಿದ್ದ ಸಾರನ್ನ ಬೆರಳಲ್ಲಿ ಸುತ್ತಿಸ್ತಾ ಕೂತಿದ್ಲು. ಆ ಸುಳ್ಳುಗಳಿಗಿಂತ ಆ ಒಂದು ಗಳಿಗೆ ನಂಗೆ ಜಾಸ್ತಿ ಕುಟುಕ್ತೈತೆ.

ಮಾರನೇ ಸಂಜೆ ಪ್ರಾಕ್ಟೀಸು ಇರಲ್ಲ ಅಂದ್ಕೊಂಡಿದ್ದೆ. ನವ್ಯ 'ಬುಧವಾರ ಕರೆದ್ರೆ ರೆಡಿ ಇರಬೇಕಲ್ಲ' ಅಂತ ಹುಳುಮನೆ ಬಾಗಿಲು ತೆಗೆದ್ಲು. ಅವತ್ತು ಸಂಘಮಿತ್ರ ಒಂದು ಹೊಸ ಪ್ರಶ್ನೆ ತಂದಿದ್ಲು. ಅಲ್ಲಿ ಇದನ್ನ ತಪ್ಪದೇ ಕೇಳ್ತಾರಂತೆ. ಒಂದು ಮಗು ಒಬ್ಬಂಟಿಯಾಗಿ ಬಂದು 'ಮಿಸ್, ಯಾರಿಗೂ ಹೇಳ್ಬೇಡಿ' ಅಂತ ಗುಟ್ಟು ಹೇಳಿದ್ರೆ ಟೀಚರು ಏನು ಮಾಡ್ಬೇಕು? 'ತಾತ, ನೀನೇ ಆ ಹುಡುಗ, ಯಾವ್ದಾದ್ರೂ ಗುಟ್ಟು ಹೇಳು, ಸ್ವಲ್ಪ ಸೀರಿಯಸ್ಸಾಗಿ ಇರ್ಲಿ' ಅಂದ್ಲು. ನಾನು ಎದ್ದು ಹೋಗಿ ಕೈಕಟ್ಟಿ ನಿಂತೆ. 'ಮಿಸ್, ಯಾರಿಗೂ ಹೇಳಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ' ಅಂದೆ. ನವ್ಯ, 'ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ ಪುಟ್ಟ. ಆದ್ರೆ ಹೇಳಿದ್ದಕ್ಕೆ ನಿನ್ನ ಮೇಲೆ ಕೋಪ ಮಾಡ್ಕೊಳಲ್ಲ. ಕೂತ್ಕೊ, ಹೇಳು' ಅಂದ್ಲು. ಪುಟ್ಟ ಅಂದ್ಲು ಕಣೇ ನನ್ನನ್ನ. ನಾನು ಹೇಳ್ದೆ. 'ಮಿಸ್, ನಮ್ಮನೇಲಿ ಒಬ್ಬ ಮುದುಕ ಇದಾನೆ. ಅವನು ನಮ್ಮಕ್ಕನ ಮೇಲೆ ಸುಳ್ಳು ಹೇಳಿದಾನೆ. ಗಂಡಿನ ಕಡೆಯೋನು ಅಂದ್ಕೊಂಡು ಕೆಲಸದ ಕಡೆಯೋನಿಗೆ ಹೇಳ್ಬಿಟ್ಟಿದಾನೆ. ಈಗ ಡೈರಿ ಎದುರು ಮನೆಯೋನು ಬೈಸ್ಕೊಂಡ, ಮುದುಕ ಸುಮ್ನೆ ಇದಾನೆ.' ಸಂಘಮಿತ್ರ ಮೊದಲು ನಕ್ಕಳು, ಆಮೇಲೆ ನಗೋದು ನಿಲ್ಸಿದ್ಲು. ನವ್ಯ ದನಿ ಏರಿಸ್ಲಿಲ್ಲ. 'ಯಾವತ್ತು ಹೇಳ್ದ ಪುಟ್ಟ?' 'ಶುಕ್ರವಾರ ಮಿಸ್. ಡೈರಿ ಮುಂದೆ.' 'ಏನೇನು ಹೇಳ್ದ?' ಎಲ್ಲಾ ಹೇಳ್ದೆ. ಕೊನೆಗೆ ಅವಳು ನನ್ನ ಪಕ್ಕ ಚಾಪೆ ಮೇಲೆ ಕೂತ್ಕೊಂಡು, 'ತಾತಾ, ಇದು ಪ್ರಾಕ್ಟೀಸ್ ಅಲ್ಲ ಅಲ್ವಾ' ಅಂದ್ಲು.

ಬೈತಾಳೆ ಅಂದ್ಕೊಂಡಿದ್ದೆ. ಬೈದಿದ್ರೆ ಅದನ್ನ ತಿರುಚಿ ಒಂದು ಮಾತು ಕಟ್ಟಿ ಹಗುರ ಮಾಡ್ಕೊತಿದ್ದೆ. ಬೈಲಿಲ್ಲ. ಅದೇ ಟೀಚರ್ ದನಿಯಲ್ಲಿ, 'ನೀನು ಹೇಳಿದ್ದು ಒಳ್ಳೇದಾಯ್ತು. ಈಗ ಇದು ಯಾರ್ಯಾರಿಗೆ ಗೊತ್ತಾಗಬೇಕೋ ಅವ್ರಿಗೆಲ್ಲಾ ಗೊತ್ತಾಗಬೇಕು. ನಾನು ಜೊತೆಗೆ ಬರ್ತೀನಿ, ಮಾತು ಮಾತ್ರ ನೀನೇ ಆಡಬೇಕು' ಅಂದ್ಲು. ಅವಳಿಗೆ ಆ ಕೆಲಸ ಕೊಡದೆ ಇನ್ಯಾರಿಗೆ ಕೊಡ್ತಾರೆ ಹೇಳು? ನಾನು ಕೆಡಿಸಿದ್ದನ್ನ ನನ್ನ ಕೈ ಹಿಡ್ಕೊಂಡೇ ಸರಿಮಾಡೋಕೆ ಹೊರಟ್ಲು.

ಗೋವಿಂದರಾಜು ಮನೆಗೆ ಹೋದ್ವಿ. ಕೆಂಪರಾಜನ್ನೂ ಕರ್ಕೊಂಡು ಹೋದ್ವಿ. ನಾನು ತಪ್ಪಾಯ್ತು ಅಂದೆ. ಗೋವಿಂದರಾಜು ನಂಬ್ಲಿಲ್ಲ. 'ಇದ್ಯಾವ ಹೊಸ ಆಟ ಅಪ್ಪಯ್ಯಣ್ಣ' ಅಂತ ಬಾಗಿಲ ಹಿಂದೆ ಯಾರಾದ್ರೂ ನಗ್ತಾ ನಿಂತಿದಾರಾ ಅಂತ ಇಣುಕಿ ನೋಡ್ದ. ನಂಬಿಸೋಷ್ಟ್ರಲ್ಲಿ ಸಾಕಾಯ್ತು. ನಂಬಿದ್ಮೇಲೆ ಕಾಫಿ ಕೊಟ್ಟ, ಆದ್ರೆ ನನ್ನ ಕಡೆ ನೋಡ್ಲಿಲ್ಲ. ಕೆಂಪರಾಜ ಅವತ್ತಿಂದ ನನ್ನ ಜೊತೆ ಮಾತಾಡ್ತಿಲ್ಲ. ಹಸುಗೆ ಹೇಳ್ದಂಗೆ ಹೇಳ್ತಾನೆ, 'ಹಾಲು ಹಾಕೋಕೆ ಹೊತ್ತಾಯ್ತು' ಅಂತ.

ನಿನ್ನೆ ಉಮಾಶಂಕರಂಗೆ ಫೋನು ಮಾಡ್ದೆ. ಎಲ್ಲಾ ಬಿಡಿಸಿ ಹೇಳ್ದೆ. ಆ ಮನುಷ್ಯ ತಾಳ್ಮೆಯಿಂದ ಕೇಳಿಸ್ಕೊಂಡು ಒಂದೇ ಮಾತು ಕೇಳ್ದ. 'ಯಜಮಾನ್ರೇ, ಅವತ್ತು ಹೇಳಿದ್ದು ತಮಾಷೆನಾ, ಇವತ್ತು ಹೇಳ್ತಿರೋದು ತಮಾಷೆನಾ? ಮೊಮ್ಮಗಳು ಪಕ್ಕದಲ್ಲಿ ಕೂತು ಹೇಳಿಸ್ತಿದಾರೋ ಏನೋ, ನಂಗೆ ಹೆಂಗೆ ಗೊತ್ತಾಗ್ಬೇಕು?' ಅವಳು ಪಕ್ಕದಲ್ಲೇ ಕೂತಿದ್ಲು. ಜೀವಮಾನವೆಲ್ಲಾ ಊರನ್ನ ನಗಿಸ್ದೆ, ಈಗ ನಿಜ ಹೇಳ್ತೀನಿ ಅಂದ್ರೆ ಕೇಳೋನು ಯಾರೂ ಇಲ್ಲ.

ಆಮೇಲೆ ನವ್ಯ ಅಂದ್ಲು, 'ಅಜ್ಜಿಗೆ ಯಾರು ಹೇಳ್ತಾರೆ ತಾತ? ಅಷ್ಟು ದೀಪ ಹಚ್ಚಿದಾಳೆ.' ಹಂಗಾಗಿ ಈ ಕಾಗದ. ನಿನ್ನ ವರಗಳನ್ನೆಲ್ಲಾ ಓಡಿಸಿದ್ದು ನಾನು. ನಿನ್ನ ಮನಸ್ಸಿಗೆ ನೋವಾಗಿರುತ್ತೆ. ಸಿಟ್ಟು ಬಂದ್ರೆ ಬೈದು ಕಾಗದ ಬರಿ, ಸ್ಪೀಕರ್ ಹಾಕಿ ಬೈದ್ರೂ ಸರಿ, ಬೀಗರೆಲ್ಲಾ ಕೇಳ್ಲಿ. ಇಂಗ್ಲೆಂಡಿಗೆ ಹೋದ್ರೆ ಆ ಹುಡುಗಿಗೆ ಮದ್ವೆಯೇ ಆಗಲ್ಲ ಅನ್ನೋ ನಿನ್ನ ಭಯ ನಂಗೆ ಅರ್ಥವಾಗುತ್ತೆ, ಅದನ್ನ ಗೇಲಿ ಮಾಡೋಕೆ ನಂಗೆ ಯೋಗ್ಯತೆ ಇಲ್ಲ.

ಮಗೀಗೆ ನನ್ನ ಆಶೀರ್ವಾದ ಹೇಳು, ಮೂಗು ಹಿಂಡಿ ಹೇಳು. ಪದ್ಮಶ್ರೀಗೆ ಹಸಿ ನೀರು ಮುಟ್ಟಬೇಡ ಅನ್ನು. ಅಳಿಯಂದ್ರಿಗೂ ಬೀಗರಿಗೂ ನಮಸ್ಕಾರ. ನೀನು ಎಣ್ಣೆ ಹಚ್ಕೊಳೋದು ಮರೀಬೇಡ.

ನಿನ್ನ ಮುಂದೆ ತಲೆ ತಗ್ಗಿಸ್ಕೊಂಡು ಕೂತಿರೋ
ಅಪ್ಪಯ್ಯಣ್ಣ

ಮತ್ತೆ: ಸಿದ್ದರಾಜು ಹೊರಗೆ ಹಾರ್ನ್ ಹೊಡೀತಾವ್ನೆ, ಬೇಗ ಬರೀತೀನಿ. ಕೈ ಬರ್ತಿಲ್ಲ ಅಂದ್ನಲ್ಲ, ಆ ಒಂದು ಮಾತು. ಅವತ್ತು ಉಮಾಶಂಕರ್ 'ಇವ್ರ ಅಜ್ಜಿ ಇದಾರಾ, ಅವ್ರನ್ನೂ ಕೇಳ್ಬಹುದಾ' ಅಂದ. ನಾನು, 'ಎಲ್ಲಿರ್ತಾಳೆ ಸ್ವಾಮಿ, ಮೊಮ್ಮಗಳ ಕೈಯಲ್ಲಿ ಏಟು ತಿಂದು, ತಡೀಲಾರ್ದೆ ಮಗಳ ಮನೆ ಸೇರ್ಕೊಂಡವ್ಳೆ' ಅಂದ್ಬಿಟ್ಟೆ. ನಿನ್ನೆ ಫೋನಲ್ಲಿ ಕೊನೆಗೆ ಅವನು ಅಂದ, ಮಿಕ್ಕಿದ್ದಕ್ಕೆಲ್ಲಾ ಸ್ಕೂಲಿನೋರು, ಊರಿನೋರು ಒಳ್ಳೇ ಮಾತು ಹೇಳವ್ರೆ, ಅದು ಸಾಕಂತೆ. ಇದೊಂದಕ್ಕೆ ಮಾತ್ರ ನೀನೇ ಹೇಳ್ಬೇಕಂತೆ. ಶನಿವಾರ ಬೆಳಿಗ್ಗೆ ಅವನು ಹೊಸೂರಿಗೆ ಬರ್ತಾನೆ, ನಿನ್ನ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ತಾನೆ. ನೀನು ಹೇಳಿದ್ಮೇಲೇನೇ ಬುಧವಾರ ಇಂಟರ್ವ್ಯೂ ಉಂಟೋ ಇಲ್ವೋ ಗೊತ್ತಾಗೋದು. ನೀನು ಸುಮ್ನೆ ಕೂತ್ರೂ ಸಾಕು, ಅವಳು ಇಲ್ಲೇ ಉಳೀತಾಳೆ, ನೀನು ಅಂದ್ಕೊಂಡಂಗೇ ಆಗುತ್ತೆ. ಹಿಂಗೇ ಹೇಳು ಅಂತ ಬರೆಯೋಣ ಅಂತಿದ್ದೆ, ನವ್ಯ ಬೇಡ ಅಂದ್ಲು. 'ಅಜ್ಜಿಗೆ ಹೇಳ್ಕೊಡಬೇಡ ತಾತ, ಏನು ಹೇಳ್ಬೇಕು ಅಂತ ಅಜ್ಜಿಗೆ ಗೊತ್ತು' ಅಂದ್ಲು. ಅದಕ್ಕೇ ಬರೀತಿಲ್ಲ. ಬಂದೋನಿಗೆ ಕೂತ್ಕೊಳಕ್ಕೆ ಹೇಳಿ ನೀರು ಕೊಡು, ಅವನು ಯಾಕೆ ಬಂದವ್ನೆ ಅಂತ ಪೂರ್ತಿ ಹೇಳೋಕೆ ಬಿಡು. ಆಮೇಲೆ ನೀನೇನು ಹೇಳಿದ್ರೂ ಸರಿ ಕಣೇ, ಅದ್ರ ಮೇಲೆ ನಾನು ಒಂದೇ ಒಂದು ತಮಾಷೇನೂ ಕಟ್ಟಲ್ಲ.